ಬದುಕಿದ್ದವರಿಗೆ ಘಟಶ್ರಾದ್ಧ

"ಆ ಆಕ್ಸಿಡೆಂಟಲ್ಲೇ ನಮ್ಮ ಹುಡುಗ ಹೋಗ್ಬಿಟ್ಟ. ಈಗ ಮನೇಲಿರೋನು ಬೇರೆ ಯಾರೋ."

ಬೆಂಗಳೂರಿನ ಮಲ್ಲತ್ತಹಳ್ಳಿ, ನಾಗರಬಾವಿ, ಉಲ್ಲಾಳದ ಕಡೆ, ತಲೆಗೆ ಪೆಟ್ಟು ಬಿದ್ದು ಬದುಕಿ ಬಂದವರ ಮನೆಗಳಲ್ಲಿ ಈ ಮಾತು ಇವತ್ತಲ್ಲ ನಾಳೆ ಕೇಳಿಬರುತ್ತದೆ. ತಾಯಿ ಅಳುತ್ತ ಹೇಳುತ್ತಾಳೆ. ಹೆಂಡತಿ ದನಿ ತಗ್ಗಿಸಿ ಹೇಳುತ್ತಾಳೆ. ಅಣ್ಣತಮ್ಮಂದಿರು ಸೈಟಿನ ಕಾಗದ ಮುಂದಿಟ್ಟುಕೊಂಡು ಹೇಳುತ್ತಾರೆ. ಕನಿಕರದ ಧಾಟಿಯಲ್ಲಿ ಬರುವ ಮಾತಾದ್ದರಿಂದ ಯಾರೂ ಅಡ್ಡ ಬಾಯಿ ಹಾಕುವುದಿಲ್ಲ. ಕೇಳಿದವರು 'ಪಾಪ' ಎಂದು ಲೊಚಗುಟ್ಟಿ ಎದ್ದುಹೋಗುತ್ತಾರೆ. ಅಡ್ಡ ಬಾಯಿ ಹಾಕಬೇಕೆಂದೇ ನಾನು ಇದನ್ನು ಬರೆಯುತ್ತಿದ್ದೇನೆ. ಹುಡುಗ ಎಲ್ಲಿಗೂ ಹೋಗಿಲ್ಲ. ಅಲ್ಲೇ, ಹಾಲಿನ ಮೂಲೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ, ತನ್ನ ಬಗ್ಗೆ ನೀವು ಆಡುತ್ತಿರುವುದನ್ನೆಲ್ಲ ಕೇಳಿಸಿಕೊಳ್ಳುತ್ತ ಕೂತಿದ್ದಾನೆ.

ಬದಲಾವಣೆಯೇ ಸುಳ್ಳು ಎಂಬ ವಾದ ನನ್ನದಲ್ಲ. ಹೊರವರ್ತುಲ ರಸ್ತೆ ಬಂದ ಮೇಲೆ ಊರಿನ ಈ ಅಂಚಿನಲ್ಲಿ, ಅಂಬೇಡ್ಕರ್ ತಾಂತ್ರಿಕ ಕಾಲೇಜಿನ ಗೇಟಿನಿಂದ ಜ್ಞಾನಭಾರತಿಯ ಮರಗಳ ನಡುವಿನ ರಸ್ತೆಯವರೆಗೂ, ಎರಡು ಚಕ್ರದ ಗಾಡಿಗಳದ್ದೇ ಕಾರುಬಾರು. ಮಿದುಳಿನ ಪೆಟ್ಟುಗಳ ಬಗ್ಗೆ ನಿಮ್ಹಾನ್ಸ್‌ನ ಡಾ. ಜಿ. ಗುರುರಾಜ್ ಕಲೆಹಾಕಿದ ಲೆಕ್ಕದಲ್ಲಿ ಸುಮಾರು ಶೇ 60ಕ್ಕೆ ಕಾರಣ ರಸ್ತೆ ಅಪಘಾತ. ಬೀಳುವುದರಿಂದ ಆಗುವುದು ಶೇ 20ರಿಂದ 25, ಹೊಡೆದಾಟದಿಂದ ಶೇ 10ರಷ್ಟು. ಹಾಗೆ ಪೆಟ್ಟು ತಿಂದು ಐಸಿಯುನಿಂದ ಎದ್ದುಬಂದವನು ಮೊದಲಿನ ಹಾಗಿರುವುದಿಲ್ಲ. ಮಾತು ಆಡಬಾರದ ಕಡೆ ಆಡುತ್ತಾನೆ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಇಲ್ಲವೇ ಸಿಟ್ಟೂ ಇಲ್ಲದೆ ಇಡೀ ದಿನ ಗೋಡೆ ನೋಡುತ್ತಾನೆ. ದುಡ್ಡು ಕೈಯಲ್ಲಿ ನಿಲ್ಲುವುದಿಲ್ಲ. ಮಗಳ ಹುಟ್ಟುಹಬ್ಬ ಮರೆಯುತ್ತಾನೆ, ನೆನಪಿಸಿದರೆ 'ಸರಿ' ಅನ್ನುತ್ತಾನೆ, ಅಷ್ಟೇ. ಇದೆಲ್ಲ ಆಗುತ್ತದೆ. ನನ್ನ ತಕರಾರು ಇದರಿಂದ ನಾವು ಇಳಿಸಿಕೊಳ್ಳುವ ತೀರ್ಮಾನದ ಬಗ್ಗೆ: ಬದಲಾದ, ಆದ್ದರಿಂದ ಅವನು ಅವನಲ್ಲ. ಈ 'ಆದ್ದರಿಂದ' ಎಲ್ಲಿಂದ ಬಂತು?

ಓದಿದವರು ಇದನ್ನು ಅಮೆರಿಕದಿಂದ ತಂದಿದ್ದಾರೆ. ಮನೋವಿಜ್ಞಾನದ ಯಾವ ಪಠ್ಯ ತೆರೆದರೂ ಫಿನಿಯಸ್ ಗೇಜ್ ಸಿಗುತ್ತಾನೆ. 1848ರ ಸೆಪ್ಟೆಂಬರ್ 13. ವರ್ಮಾಂಟ್ ರಾಜ್ಯದ ಕ್ಯಾವೆಂಡಿಷ್ ಬಳಿ ರೈಲುಹಳಿಗೆ ಬಂಡೆ ಸಿಡಿಸುವ ಕೆಲಸ. ಇಪ್ಪತ್ತೈದರ ಮೇಸ್ತ್ರಿಯ ಕೈಯಲ್ಲಿದ್ದ ಕಬ್ಬಿಣದ ಸರಳು, ಮೂರೂವರೆ ಅಡಿಗಿಂತ ಉದ್ದ, ಆರು ಕಿಲೊ ತೂಕದ್ದು, ಸಿಡಿಮದ್ದಿಗೆ ಹಾರಿ ಎಡಗೆನ್ನೆಯಿಂದ ನುಗ್ಗಿ ನೆತ್ತಿಯಿಂದ ಹೊರಬಿತ್ತು. ಆತ ಸಾಯಲಿಲ್ಲ. ಆದರೆ ಸಭ್ಯನಾಗಿದ್ದವನು ಒರಟನಾದ, ಹಠಮಾರಿಯಾದ, ಸ್ನೇಹಿತರು ಇವನು ಗೇಜ್ ಅಲ್ಲವೇ ಅಲ್ಲ ಅಂದರು. ಪಠ್ಯಪುಸ್ತಕ ಇಲ್ಲಿಗೆ ನಿಲ್ಲಿಸುತ್ತದೆ. ವಿದ್ಯಾರ್ಥಿ ಅಡಿಗೆರೆ ಎಳೆಯುತ್ತಾನೆ: ಹಣೆಯ ಹಿಂದಿನ ಮಿದುಳು ಹೋದರೆ ಮನುಷ್ಯನೇ ಹೋದ.

ಮುಂದಿನದನ್ನು ಯಾಕೆ ಹೇಳುವುದಿಲ್ಲವೋ! ಸ್ನೇಹಿತರ ಆ ಮಾತನ್ನು ಗೇಜ್‌ನ ಡಾಕ್ಟರ್ ಜಾನ್ ಹಾರ್ಲೋ ಅಚ್ಚು ಹಾಕಿಸಿದ್ದು 1868ರಲ್ಲಿ, ಅಪಘಾತವಾಗಿ ಇಪ್ಪತ್ತು ವರ್ಷದ ಮೇಲೆ, ಗೇಜ್ ಸತ್ತು ಎಂಟು ವರ್ಷದ ಮೇಲೆ. ಹಾರ್ಲೋ ಬರಹದಲ್ಲೇ ಇನ್ನೊಂದು ಸಂಗತಿ ಇದೆ: ಇವನು ಬದಲಾಗಿದ್ದಾನೆ ಎಂದು ಗುತ್ತಿಗೆದಾರರು ಹಳೆಯ ಕೆಲಸವನ್ನು ವಾಪಸು ಕೊಡಲಿಲ್ಲ. ಅಂದರೆ 'ಇವನು ಅವನಲ್ಲ' ಎಂಬ ಜಗತ್ಪ್ರಸಿದ್ಧ ವೈದ್ಯಕೀಯ ಸತ್ಯದ ಪಕ್ಕದಲ್ಲೇ ಕೆಲಸ ನಿರಾಕರಿಸಿದ ಧಣಿ ನಿಂತಿದ್ದಾನೆ. ಆಮೇಲೆ ಗೇಜ್ ಏನಾದ? 1852ರಲ್ಲಿ ಚಿಲಿ ದೇಶಕ್ಕೆ ಹೋಗಿ ಸುಮಾರು ಏಳು ವರ್ಷ ಕುದುರೆ ಸಾರೋಟಿನ ಚಾಲಕನಾಗಿ ಕೆಲಸ ಮಾಡಿದ. ನಸುಕಿನಲ್ಲಿ ಏಳಬೇಕು, ಕುದುರೆಗಳನ್ನು ಹೂಡಬೇಕು, ಗೊತ್ತಿಲ್ಲದ ಭಾಷೆಯ ಪ್ರಯಾಣಿಕರೊಡನೆ ವ್ಯವಹರಿಸಬೇಕು, ಕೆಟ್ಟ ರಸ್ತೆಯಲ್ಲಿ ಲಗಾಮು ಹಿಡಿಯಬೇಕು. ತನ್ನನ್ನು ತಾನು ಹಿಡಿದುಕೊಳ್ಳಲಾರದವನು ಈ ಕೆಲಸದಲ್ಲಿ ಒಂದು ವಾರ ಉಳಿಯುತ್ತಿರಲಿಲ್ಲ. 1860ರ ಮೇ ತಿಂಗಳಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಬಳಿ ಮೂರ್ಛೆರೋಗದಿಂದ ತೀರಿಕೊಂಡ. ಆಸ್ಟ್ರೇಲಿಯದ ಮಾಲ್ಕಂ ಮ್ಯಾಕ್‌ಮಿಲನ್ ಮೂಲ ದಾಖಲೆಗಳನ್ನೆಲ್ಲ ಜಾಲಾಡಿ 2000ದಲ್ಲಿ ಒಂದು ದಪ್ಪ ಪುಸ್ತಕವನ್ನೇ ಬರೆದರು: ಗೇಜ್ ಬಹುಮಟ್ಟಿಗೆ ಸುಧಾರಿಸಿಕೊಂಡ, ನಿತ್ಯವೂ ಒಂದೇ ಕ್ರಮದಲ್ಲಿ ಸಾಗುವ ಕೆಲಸವೇ ಅವನನ್ನು ಸುಧಾರಿಸಿತು ಎಂಬುದು ಅವರ ವಾದ. ಆದರೂ ನಮ್ಮ ಕಾಲೇಜುಗಳಲ್ಲಿ ಇನ್ನೂ ನಡೆಯುತ್ತಿರುವುದು ಅರ್ಧ ಕಥೆಯ ಪಾಠವೇ.

ಸರಿ, ಅಮೆರಿಕ ಬಿಡಿ. ಮಲ್ಲತ್ತಹಳ್ಳಿಯ ಆ ಮನೆಯಲ್ಲಿ ನಿಜವಾಗಿ ಏನು ನಡೆಯುತ್ತಿದೆ ನೋಡೋಣ.

ತಲೆಬುರುಡೆಯ ಒಳತಳ ನುಣುಪಾಗಿಲ್ಲ. ಹಣೆಯ ಕೆಳಭಾಗದಲ್ಲೂ ಕಿವಿಯ ಮುಂದಿನ ಗುಳಿಯಲ್ಲೂ ಮೂಳೆಯ ಏಣುಗಳಿವೆ. ಓಡುತ್ತಿದ್ದ ಗಾಡಿ ಗಕ್ಕನೆ ನಿಂತರೆ ತಲೆ ನಿಲ್ಲುತ್ತದೆ, ಒಳಗಿನ ಮಿದುಳು ನಿಲ್ಲದೆ ಆ ಏಣುಗಳ ಮೇಲೆ ಉಜ್ಜುತ್ತದೆ. ಆದ್ದರಿಂದ ಪೆಟ್ಟು ಹಿಂದಲೆಗೆ ಬಿದ್ದರೂ ಜಜ್ಜಿಹೋಗುವುದು ಹೆಚ್ಚಾಗಿ ಹಣೆಯ ಹಿಂದಿನ ಹಾಲೆಯ ತಳ ಮತ್ತು ಕಿವಿಯ ಬದಿಯ ಹಾಲೆಯ ತುದಿ. ಇದರ ಜೊತೆಗೆ, ಮಿದುಳು ತಿರುಚಿಕೊಂಡಾಗ ಉದ್ದನೆಯ ನರತಂತುಗಳು ಸೆಳೆತಕ್ಕೆ ಸಿಕ್ಕಿ ಅಲ್ಲಲ್ಲಿ ಹರಿಯುತ್ತವೆ. ಸಿ.ಟಿ. ಸ್ಕ್ಯಾನಿನಲ್ಲಿ ರಕ್ತ ಕಾಣುತ್ತದೆ, ಈ ಹರಿದ ಎಳೆಗಳು ಅನೇಕ ಸಲ ಕಾಣುವುದಿಲ್ಲ. ಸ್ಕ್ಯಾನ್ ನಾರ್ಮಲ್ ಎಂದು ಬರೆದುಕೊಡುತ್ತಾರೆ. ಮನೆಯವರು ನಾರ್ಮಲ್ ಎಂಬ ಪದ ಹಿಡಿದುಕೊಂಡು ಬರುತ್ತಾರೆ.

ಈಗ ಊಟದ ಹೊತ್ತು. ಹೆಂಡತಿ ಅವನಿಗೆ ಇಷ್ಟವಾದ ಬಸ್ಸಾರು ಮಾಡಿದ್ದಾಳೆ. ಎರಡು ತುತ್ತು ತಿಂದು ತಟ್ಟೆ ತಳ್ಳುತ್ತಾನೆ, "ರುಚೀನೇ ಇಲ್ಲ" ಅನ್ನುತ್ತಾನೆ. ಅವಳಿಗೆ ಎದೆ ಒಡೆದ ಹಾಗಾಗುತ್ತದೆ. ಮೊದಲು ಹೀಗಿರಲಿಲ್ಲ, ಇವನು ಅವನಲ್ಲ. ಮೂಗಿನಿಂದ ಮಿದುಳಿಗೆ ಹೋಗುವ ವಾಸನೆಯ ಸಣ್ಣ ನರಗಳು ಇದೇ ಹಣೆಯ ತಳದ ಜರಡಿಯಂಥ ಮೂಳೆಯನ್ನು ಹಾದು ಹೋಗುತ್ತವೆ, ತಲೆಯ ಪೆಟ್ಟಿನಲ್ಲಿ ತುಂಡಾಗುತ್ತವೆ ಎಂದು ಅವಳಿಗೆ ಯಾರೂ ಹೇಳಿಲ್ಲ. ವಾಸನೆ ಹೋದವನಿಗೆ ಬಸ್ಸಾರೂ ಬಿಸಿನೀರೂ ಹೆಚ್ಚುಕಡಿಮೆ ಒಂದೇ. ಅವನಿಗೂ ಅದು ಗೊತ್ತಿಲ್ಲ. ಉಪ್ಪು ಹುಳಿ ನಾಲಿಗೆಗೆ ತಿಳಿಯುವುದರಿಂದ ಅಡುಗೆಯೇ ಕೆಟ್ಟಿದೆ ಎಂದುಕೊಳ್ಳುತ್ತಾನೆ.

ಭಾನುವಾರ ನೆಂಟರು ಬರುತ್ತಾರೆ. ಟಿವಿ ಹಾಕಿದೆ, ಮೂವರು ಒಟ್ಟಿಗೆ ಮಾತಾಡುತ್ತಿದ್ದಾರೆ, ಕುಕ್ಕರ್ ಕೂಗುತ್ತಿದೆ. ಇದ್ದಕ್ಕಿದ್ದಂತೆ ಅವನು ಲೋಟ ಎಸೆಯುತ್ತಾನೆ. ಮಾಹಿತಿಯನ್ನು ಸೋಸಿ ಬೇಕಾದುದಕ್ಕಷ್ಟೇ ಕಿವಿಗೊಡುವ ಕೆಲಸ ಅವನ ಮಿದುಳಿನಲ್ಲಿ ನಿಧಾನವಾಗಿದೆ. ನಮಗೆ ಸಹಜವಾದ ಗದ್ದಲ ಅವನಿಗೆ ಹಿಂಸೆ. ನೆಂಟರು ಅಂಗಳದಲ್ಲಿ ಚಪ್ಪಲಿ ಮೆಟ್ಟುತ್ತ ಹೇಳುತ್ತಾರೆ: "ಎಂಥ ಸಾಧು ಮನುಷ್ಯ ಆಗಿದ್ದ."

ಇನ್ನೊಂದನ್ನು ಹೇಳದಿದ್ದರೆ ತಪ್ಪಾಗುತ್ತದೆ. ತಲೆಯ ಪೆಟ್ಟಿನ ಮೇಲೆ ಫಿಟ್ಸ್ ಬಾರದಿರಲೆಂದು ಲೆವೆಟಿರಾಸೆಟಮ್ ಎಂಬ ಮಾತ್ರೆ ಬಹಳ ಮಂದಿಗೆ ಕೊಡುತ್ತಾರೆ. ಒಳ್ಳೆಯ ಮಾತ್ರೆ. ಆದರೆ ಕೆಲವರಲ್ಲಿ ಅದು ಕಿರಿಕಿರಿಯನ್ನೂ ಸಿಟ್ಟನ್ನೂ ತರುತ್ತದೆ ಎಂಬುದು ನರವೈದ್ಯರಿಗೆಲ್ಲ ಗೊತ್ತಿರುವ ವಿಷಯ. ವೈದ್ಯರ ಹತ್ತಿರ ಹೋಗಿ "ಸಿಟ್ಟು ಜಾಸ್ತಿಯಾಗಿದೆ" ಎಂದರೆ ಪ್ರಮಾಣ ತಗ್ಗಿಸಬಹುದು, ಬೇರೆ ಮಾತ್ರೆಗೆ ಬದಲಿಸಬಹುದು. (ಮನೆಯಲ್ಲಿ ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ, ಫಿಟ್ಸ್ ಬರಬಹುದು.) ಪಿಟ್ಯುಟರಿ ಗ್ರಂಥಿಗೆ ಏಟಾಗಿ ಹಾರ್ಮೋನು ಕಡಿಮೆಯಾಗಿರಬಹುದು, ರಕ್ತಪರೀಕ್ಷೆಯಲ್ಲಿ ತಿಳಿಯುತ್ತದೆ. ಖಿನ್ನತೆ ಇರಬಹುದು, ಅದಕ್ಕೆ ಔಷಧಿ ಇದೆ. ನಿದ್ದೆ ಕೆಟ್ಟಿರಬಹುದು. ಒಂದೊಂದಕ್ಕೂ ಒಂದೊಂದು ಬಾಗಿಲು ಇದೆ. 'ಇವನು ಅವನಲ್ಲ' ಎಂದ ಮರುಕ್ಷಣ ಅಷ್ಟೂ ಬಾಗಿಲು ಮುಚ್ಚಿತು. ಇಲ್ಲದವನಿಗೆ ಯಾರು ಹಾರ್ಮೋನು ಪರೀಕ್ಷೆ ಮಾಡಿಸುತ್ತಾರೆ? ಹೋದವನ ಮಾತ್ರೆಯನ್ನು ಯಾರು ಬದಲಿಸುತ್ತಾರೆ? ಈ ಮಾತಿನ ಮೇಲೆ ನನಗಿರುವ ದೊಡ್ಡ ಸಿಟ್ಟು ಇದು: ತತ್ತ್ವದ ಹಾಗೆ ಕೇಳಿಸುತ್ತದೆ, ಕೆಲಸ ಮಾಡುವುದು ಚಿಕಿತ್ಸೆ ನಿಲ್ಲಿಸುವ ಚೀಟಿಯಾಗಿ.

ಬದಲಾವಣೆಯೆಲ್ಲ ಪೆಟ್ಟಿನಿಂದಲೇ ಬಂದದ್ದು ಎನ್ನುವವರಿಗೆ ಒಂದು ಹಳೆಯ ಅಧ್ಯಯನ ಎತ್ತಿ ತೋರಿಸಬೇಕು. ಗ್ಲಾಸ್ಗೋದಲ್ಲಿ ನೀಲ್ ಬ್ರೂಕ್ಸ್ ಮತ್ತು ಜೊತೆಯವರು ತೀವ್ರ ತಲೆಪೆಟ್ಟಾದವರ ಮನೆಯವರನ್ನು ವರ್ಷಗಟ್ಟಲೆ ಮಾತಾಡಿಸಿ 1986ರಲ್ಲಿ ಪ್ರಕಟಿಸಿದ್ದು ಅದು. 'ಸ್ವಭಾವ ಬದಲಾಗಿದೆ' ಎಂದು ಹೇಳಿದ ಮನೆಯವರು ಒಂದು ವರ್ಷದ ಹೊತ್ತಿಗೆ ಶೇ 60, ಐದು ವರ್ಷದ ಹೊತ್ತಿಗೆ ಶೇ 74. ಮಿದುಳಿನ ಗಾಯ ಸಾಮಾನ್ಯವಾಗಿ ಐದು ವರ್ಷ ಬೆಳೆಯುತ್ತ ಹೋಗುವುದಿಲ್ಲ. ಮೊದಲ ತಿಂಗಳುಗಳಲ್ಲಿ ಬೇಗ, ಆಮೇಲೆ ನಿಧಾನವಾಗಿ, ಸುಧಾರಣೆಯ ಕಡೆಗೇ ಅದರ ನಡೆ. ಹಾಗಾದರೆ ದೂರು ಯಾಕೆ ಹೆಚ್ಚಿತು? ಮೊದಲ ವರ್ಷ ಎಲ್ಲರಿಗೂ ಸಹನೆ ಇರುತ್ತದೆ, ನೋಡಲು ಬರುವವರಿರುತ್ತಾರೆ, ಹಣ್ಣಿನ ಚೀಲ ಇರುತ್ತದೆ. ಐದನೇ ವರ್ಷಕ್ಕೆ ಕೆಲಸ ಹೋಗಿದೆ, ಸ್ನೇಹಿತರು ಹೋಗಿದ್ದಾರೆ, ಹೆಂಡತಿ ಸೋತಿದ್ದಾಳೆ, ಬೆಳಿಗ್ಗೆ ಎದ್ದರೆ ಮಾಡುವುದಕ್ಕೆ ಏನೂ ಇಲ್ಲ. ಇಂಥ ಬದುಕನ್ನು ಕೊಟ್ಟರೆ ತಲೆಗೆ ಸಾಸಿವೆ ಕಾಳಿನಷ್ಟು ಪೆಟ್ಟೂ ಆಗದವನ ಸ್ವಭಾವವೂ ಕೆಡುತ್ತದೆ. ಶೇ 60ರಿಂದ 74ಕ್ಕೆ ಏರಿದ ಆ ಭಾಗದ ಲೆಕ್ಕವನ್ನು ಕೇಳಬೇಕಾದ್ದು ಅವನ ಸುತ್ತ ಇದ್ದವರನ್ನು, ಅಂದರೆ ನಮ್ಮನ್ನು.

ತ್ರಿವೇಣಿಯವರ 'ಶರಪಂಜರ'ವನ್ನು ಪುಟ್ಟಣ್ಣ ಕಣಗಾಲ್ ತೆರೆಗೆ ತಂದು ಅರ್ಧ ಶತಮಾನ ಕಳೆಯಿತು. ಅದರ ನಾಯಕಿ ಕಾವೇರಿ, ಆಸ್ಪತ್ರೆಯಿಂದ ಗುಣವಾಗಿಯೇ ಬರುತ್ತಾಳೆ. ಅವಳ ನಗು, ಅಳು, ಸಿಟ್ಟು ಎಲ್ಲದರಲ್ಲೂ ಹುಚ್ಚನ್ನೇ ಹುಡುಕುವ ಕಣ್ಣುಗಳು ಅವಳನ್ನು ಮತ್ತೆ ಒಳಗೆ ನೂಕುತ್ತವೆ. ಕಲ್ಪನಾ ಅಭಿನಯಕ್ಕೆ ಕರ್ಚೀಫು ಒದ್ದೆ ಮಾಡಿಕೊಂಡ ಊರು ನಮ್ಮದು. ಅದೇ ಕಣ್ಣುಗಳನ್ನು ಪಕ್ಕದ ಮನೆಯವನ ಮೇಲೆ ಇಟ್ಟುಕೊಂಡೇ ಬಂದಿದ್ದೇವೆ.

ಒಂದು ತಕರಾರನ್ನು ನಿರೀಕ್ಷಿಸುತ್ತೇನೆ. ನೆನಪು ಹೋದರೆ, ಕೈಕಾಲು ಹೋದರೆ ಒಪ್ಪಬಹುದು, ಗುಣವೇ ಹೋದರೆ ಮನುಷ್ಯನಲ್ಲಿ ಉಳಿದದ್ದೇನು? ಬಲವಾದ ಪ್ರಶ್ನೆ. ಇದಕ್ಕೆ ಉತ್ತರ ನಮ್ಮ ಹರಿಕಥೆಯಲ್ಲೇ ಇದೆ. ಜಿಪುಣಾಗ್ರೇಸರ ಶ್ರೀನಿವಾಸ ನಾಯಕ, ಮೂಗುತಿಯ ಪ್ರಸಂಗವಾದ ಒಂದೇ ದಿನದಲ್ಲಿ, ನವಕೋಟಿಯನ್ನು ತುಳಸೀದಳದ ಹಾಗೆ ಬಿಟ್ಟು ತಂಬೂರಿ ಹಿಡಿದು ಹೊರಟ ಎಂದು ಐತಿಹ್ಯ. ಗುಣದಲ್ಲಿ ಇದಕ್ಕಿಂತ ದೊಡ್ಡ ಪಲ್ಲಟ ಇನ್ನೇನಿದೆ? ಹೆಂಡತಿ ಮಕ್ಕಳು ಉಟ್ಟ ಬಟ್ಟೆಯಲ್ಲಿ ಬೀದಿಗೆ ಬಂದರು. ಆದರೂ ಇವನು ಅವನಲ್ಲ, ಸರಸ್ವತೀಬಾಯಿಯ ಗಂಡ ಸತ್ತ ಎಂದು ಯಾವ ದಾಸರೂ ಹಾಡಲಿಲ್ಲ. ಅವನೇ ಪುರಂದರದಾಸನಾದ ಅಂದೆವು. ಬೇಡನೇ ವಾಲ್ಮೀಕಿಯಾದ ಅಂದೆವು. ಒಳ್ಳೆಯದರ ಕಡೆ ಬದಲಾದರೆ ಅವನೇ, ಕೆಟ್ಟದರ ಕಡೆ ಬದಲಾದರೆ ಬೇರೆಯವನು! ಕೆವಿನ್ ಟೋಬಿಯ ಎಂಬ ಅಮೆರಿಕದ ಚಿಂತಕ 2015ರಲ್ಲಿ ಇದನ್ನೇ ಜನರ ಮುಂದಿಟ್ಟು ನೋಡಿದ. ಗೇಜ್ ಕಥೆಯನ್ನು ಕೆಲವರಿಗೆ ಒಳ್ಳೆಯವ ಕೆಟ್ಟವನಾದ ಎಂದೂ ಇನ್ನು ಕೆಲವರಿಗೆ ಕೆಟ್ಟವ ಒಳ್ಳೆಯವನಾದ ಎಂದೂ ಹೇಳಿದ. ಬದಲಾವಣೆ ಅಷ್ಟಷ್ಟೇ ಇದ್ದರೂ, ಕೆಟ್ಟವನಾದ ಕಥೆ ಕೇಳಿದವರೇ 'ಇವನು ಅವನಲ್ಲ' ಎಂಬುದರ ಕಡೆ ಹೆಚ್ಚು ವಾಲಿದರು. ಹಾಗಾದರೆ 'ಅವನು ಅವನಲ್ಲ' ಎಂಬುದು ಅವನ ಬಗೆಗಿನ ಸಂಗತಿಯೇ ಅಲ್ಲ. ನಮಗೆ ಅವನು ಇಷ್ಟವಾಗುತ್ತಿಲ್ಲ, ನಮಗೆ ಅವನಿಂದ ಪ್ರಯೋಜನವಿಲ್ಲ ಎಂಬುದರ ಮರ್ಯಾದಸ್ಥ ರೂಪ ಅದು.

ಚೆನ್ನೈಯಲ್ಲಿ ವೈದ್ಯಕೀಯ ಓದಿ ಸ್ಯಾನ್ ಡಿಯಾಗೊದಲ್ಲಿ ನೆಲೆಸಿದ ವಿ.ಎಸ್. ರಾಮಚಂದ್ರನ್ ಒಬ್ಬ ಯುವಕನನ್ನು ಪರೀಕ್ಷಿಸಿ 1997ರಲ್ಲಿ ಬರೆದಿದ್ದಾರೆ. ಅಪಘಾತದಲ್ಲಿ ತಲೆಗೆ ಪೆಟ್ಟಾಗಿ ಪ್ರಜ್ಞೆ ತಪ್ಪಿ ಎದ್ದವನು ತಂದೆ ತಾಯಿಯನ್ನು ನೋಡಿ, ಇವರು ಅವರ ಹಾಗೇ ಇದ್ದಾರೆ, ಆದರೆ ಅವರಲ್ಲ, ವೇಷಧಾರಿಗಳು ಅನ್ನುತ್ತಿದ್ದ. ಅವರೇ ಫೋನಿನಲ್ಲಿ ಮಾತಾಡಿದರೆ ಅನುಮಾನವೇ ಇಲ್ಲ. ಮುಖ ಗುರುತಿಸುವ ದಾರಿಗೂ ಅದರೊಡನೆ ಹುಟ್ಟಬೇಕಾದ ಆಪ್ತಭಾವಕ್ಕೂ ನಡುವೆ ಕೊಂಡಿ ಕಳಚಿದೆ ಎಂದು ರಾಮಚಂದ್ರನ್ ವಿವರಿಸಿದರು. ಇದಕ್ಕೆ ಕ್ಯಾಪ್‌ಗ್ರಾ ಎಂಬ ರೋಗದ ಹೆಸರಿದೆ. ಗಾಯಗೊಂಡವನು 'ಇವಳು ನನ್ನ ತಾಯಿಯಲ್ಲ' ಎಂದರೆ ರೋಗ. ತಲೆ ನೆಟ್ಟಗಿರುವ ತಾಯಿ 'ಇವನು ನನ್ನ ಮಗನಲ್ಲ' ಎಂದರೆ ಮಾತ್ರ ಅನುಭವದ ಮಾತು! ಎರಡರಲ್ಲೂ ಆಗಿರುವುದು ಒಂದೇ: ಮೊದಲಿನ ಆಪ್ತಭಾವ ಹುಟ್ಟುತ್ತಿಲ್ಲ, ಅದಕ್ಕೆ ಎದುರಿಗಿರುವವರನ್ನೇ ಇಲ್ಲವಾಗಿಸುವುದು.

ಮಲ್ಲತ್ತಹಳ್ಳಿಯ ಕಲಾಗ್ರಾಮದಲ್ಲಿ 2014ರ ಆಗಸ್ಟ್ 23ರಂದು ಯು.ಆರ್. ಅನಂತಮೂರ್ತಿಯವರ ಅಂತ್ಯಸಂಸ್ಕಾರ ನಡೆಯಿತು. ಬದುಕಿರುವ ಮಗಳಿಗೆ ತಂದೆಯೇ ಸಾವಿನ ಕ್ರಿಯೆ ಮಾಡಿ ಕಳೆದುಕೊಳ್ಳುವ 'ಘಟಶ್ರಾದ್ಧ'ವನ್ನು ಬರೆದವರು ಅವರು. ಗಿರೀಶ ಕಾಸರವಳ್ಳಿ ಅದನ್ನು 1977ರಲ್ಲಿ ಸಿನಿಮಾ ಮಾಡಿ ಸ್ವರ್ಣಕಮಲ ತಂದರು. ಆ ಮಗಳು ಯಮುನಕ್ಕನ ಮೇಲೆ ಅಗ್ರಹಾರ ಮಾಡಿದ್ದನ್ನು ಇವತ್ತು ಯಾರು ಓದಿದರೂ ಕ್ರೌರ್ಯ ಅನ್ನುತ್ತಾರೆ. ಆ ಕಲಾಗ್ರಾಮದಿಂದ ಕೂಗಿದರೆ ಕೇಳುವಷ್ಟು ದೂರದ ಮನೆಗಳಲ್ಲಿ, ಮಡಕೆ ಒಡೆಯದೆ, ಪುರೋಹಿತರನ್ನು ಕರೆಸದೆ, ಬರಿ ಒಂದು ವಾಕ್ಯದಿಂದ ಅದೇ ಕ್ರಿಯೆ ನಡೆಯುತ್ತದೆ. ಯಮುನಕ್ಕನನ್ನು ಹೊರಗೆ ಹಾಕಿದರು. ಇವನನ್ನು ಮನೆಯೊಳಗೇ ಇಟ್ಟುಕೊಂಡು ಮಾಡುತ್ತೇವೆ.

ಹೆಂಗಸರ ಸಂಕಟವನ್ನು ನಾನು ಹಗುರ ಮಾಡುತ್ತಿಲ್ಲ. ಇಂಥ ಮನೆಗಳ ಭಾರ ಹೊರುವವಳು ಬಹುಪಾಲು ಹೆಂಡತಿ ಅಥವಾ ತಾಯಿ. ಪೌಲಿನ್ ಬಾಸ್ ಎಂಬ ಅಮೆರಿಕದ ಸಂಶೋಧಕಿ ಎದುರಿಗಿದ್ದೂ ಕಳೆದುಕೊಂಡಂತಾಗುವ ಈ ದುಃಖದ ಬಗ್ಗೆ ಎಪ್ಪತ್ತರ ದಶಕದಿಂದ ಬರೆಯುತ್ತ ಬಂದಿದ್ದಾರೆ. ಆ ದುಃಖ ನಿಜ. ಅದು ಅವಳ ದುಃಖದ ವರ್ಣನೆ. ಅದನ್ನು ಅವನ ಸ್ಥಿತಿಯ ವರ್ಣನೆ ಮಾಡಿಕೊಂಡದ್ದು ನಮ್ಮ ತಪ್ಪು. ಹೊಡೆಸಿಕೊಂಡು ಬಿದ್ದಿರು, ಅವನು ಅವನೇ ತಾನೆ ಎಂದೂ ನಾನು ಹೇಳುತ್ತಿಲ್ಲ. ಅವನು ಅವನೇ ಆಗಿದ್ದರೆ ಅವನಿಗೆ ನೇರವಾಗಿ ಹೇಳಬಹುದು: ನೀನು ನಿನ್ನೆ ನನಗೆ ಹೊಡೆದೆ, ಇದು ನಡೆಯುವುದಿಲ್ಲ. ಹೋದವನಿಗೆ ಇದನ್ನು ಹೇಳಲಾಗುವುದಿಲ್ಲ. ಸಹಿಸಲಾಗದೆ ಅವಳು ಬಿಟ್ಟುಹೋದರೂ ಸರಿಯೇ, ಅದು ಅವಳ ಹಕ್ಕು. ಬಿಟ್ಟುಹೋಗುವುದಕ್ಕೆ ಅವನನ್ನು ಸತ್ತವನೆಂದು ಸಾರಬೇಕಾಗಿಲ್ಲ.

ಇದೇ ನಾಣ್ಯದ ಇನ್ನೊಂದು ಮುಖವನ್ನೂ ನೋಡಿ. ಸ್ಕ್ಯಾನ್ ನಾರ್ಮಲ್ ಇದೆ, ನಡೆಯುತ್ತಾನೆ, ತಿನ್ನುತ್ತಾನೆ, ಬೇಕಾದ್ದೆಲ್ಲ ನೆನಪಿರುತ್ತದೆ, ಬರಿ ನಾಟಕ, ಕೊಬ್ಬು ಅನ್ನುವವರಿದ್ದಾರೆ. ಇವರು ಮೊದಲಿನವರ ವಿರೋಧಿಗಳಲ್ಲ, ಸಹೋದರರು. ಮನುಷ್ಯ ಪೂರ್ತಿ ಅವನೇ ಆಗಿರಬೇಕು ಅಥವಾ ಪೂರ್ತಿ ಬೇರೆಯಾಗಿರಬೇಕು, ನಡುವೆ ಏನೂ ಇರಕೂಡದು ಎಂಬ ಹಟ ಇಬ್ಬರದೂ.

ನಮ್ಮ ನ್ಯಾಯಾಲಯಗಳು ಈ ಹಟವನ್ನು ಬಿಟ್ಟು ಬಹಳ ಕಾಲವಾಯಿತು, ಬಿಡಿಸಿದವರಲ್ಲಿ ಇಬ್ಬರು ಕರ್ನಾಟಕದವರು. ಸ್ಕಿಜೋಫ್ರೀನಿಯಾ ಇದೆಯೆಂದು ವಿಚ್ಛೇದನ ಕೇಳಿದ ಮೊಕದ್ದಮೆಯಲ್ಲಿ 1988ರಲ್ಲಿ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯನವರು, ರೋಗಕ್ಕೆ ಹೆಸರಿಟ್ಟರೆ ಸಾಲದು, ಅದು ಯಾವ ಮಟ್ಟದ್ದು, ಒಟ್ಟಿಗೆ ಬಾಳುವುದು 'ಸಾಧ್ಯವೇ ಇಲ್ಲ' ಅನ್ನುವಷ್ಟೇ ಎಂದು ತೂಗಿ ನೋಡಬೇಕು ಎಂಬ ಅರ್ಥದ ತೀರ್ಪು ಕೊಟ್ಟರು. ಅಪಘಾತ ಪರಿಹಾರದ ಮೊಕದ್ದಮೆಯಲ್ಲಿ 2010ರಲ್ಲಿ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಅವರು ಅಂಗವೈಕಲ್ಯದ ಶೇಕಡಾವಾರನ್ನೇ ದುಡಿಮೆಯ ನಷ್ಟ ಎಂದು ಹಿಡಿಯಬಾರದು ಎಂದರು: ಎಡಗೈ ಹೋದ ಗುಮಾಸ್ತನಿಗೂ ಎಡಗೈ ಹೋದ ಬಡಗಿಗೂ ನಷ್ಟ ಒಂದೇ ಅಲ್ಲ. ಈ ಮನುಷ್ಯ ಏನು ಮಾಡಬಲ್ಲ, ಏನು ಮಾಡಲಾರ, ಯಾವ ಕೆಲಸಕ್ಕೆ ಯಾರ ನೆರವು ಬೇಕು? ಕೇಳಬೇಕಾದ ಪ್ರಶ್ನೆ ಇಷ್ಟೇ. ಅವನು ಅವನೇ ಹೌದೋ ಅಲ್ಲವೋ ಎಂಬ ಜಿಜ್ಞಾಸೆ ಇಲ್ಲಿ ಎಲ್ಲೂ ಬೇಕಾಗಿಲ್ಲ.

ಮಾಡಲಾರದ್ದನ್ನು ಮಾಡುವಂತೆ ಮಾಡುವ ವಿದ್ಯೆಯೂ ಇದೇ ಊರಿನಲ್ಲಿದೆ. ನಿಮ್ಹಾನ್ಸ್‌ನ ನರಮನೋವಿಜ್ಞಾನ ವಿಭಾಗದಲ್ಲಿ ಡಾ. ಶೋಭಿನಿ ರಾವ್ ಮತ್ತು ಅವರ ಬಳಗ ನಮ್ಮವರಿಗೆಂದೇ ಪರೀಕ್ಷೆಗಳನ್ನು ರೂಪಿಸಿ 2004ರಲ್ಲಿ ಪ್ರಕಟಿಸಿದರು. ಗಮನ, ನೆನಪು, ಯೋಜನೆ ಒಂದೊಂದನ್ನೂ ಅಳೆದು, ಕೊರತೆ ಎಲ್ಲಿದೆಯೋ ಅಲ್ಲಿಗೆ ಅಭ್ಯಾಸ ಕೊಡುತ್ತಾರೆ. ಅದರಲ್ಲಿ ಒಂದು, ಬೆರೆಸಿಟ್ಟ ಕಾಳುಗಳನ್ನು ಬೇರ್ಪಡಿಸುವುದು. ಅಜ್ಜಿ ಮೊರದಲ್ಲಿ ಮಾಡುತ್ತಿದ್ದ ಕೆಲಸ, ಗಡಿಯಾರ ಇಟ್ಟು, ತಪ್ಪು ಎಣಿಸಿ, ದಿನದಿನವೂ ಸ್ವಲ್ಪ ಕಷ್ಟಮಾಡುತ್ತ ಹೋಗುವುದು. ಮಲ್ಲತ್ತಹಳ್ಳಿಯ ಅಡುಗೆಮನೆಯಲ್ಲೇ ಮಾಡಬಹುದು. ಆದರೆ ಬಸ್ಸು ಬದಲಿಸಿ ಊರಿನ ಇನ್ನೊಂದು ತುದಿಗೆ ಅವನನ್ನು ಕರೆದುಕೊಂಡು ಹೋಗಿ ಇದನ್ನು ಕಲಿತು ಬರಲು, ಕಲಿಯುವವನು ಮನೆಯಲ್ಲಿ ಇನ್ನೂ ಇದ್ದಾನೆ ಎಂದು ಮೊದಲು ಯಾರಾದರೂ ನಂಬಿರಬೇಕು.

ಸರ್ಕಾರವೂ 'ಇವನು ಅವನಲ್ಲ' ಎಂಬ ಮಾತನ್ನೇ ನಂಬಿದ ಹಾಗಿದೆ. ನೆಲಮಂಗಲದ ಬಳಿ ಅಪಘಾತದಲ್ಲಿ ದೇಹ ಎರಡಾಗಿ ಬಿದ್ದಿದ್ದರೂ ಅಂಗಾಂಗ ದಾನ ಮಾಡಿ ಎಂದು ಕೇಳಿಕೊಂಡ ಯುವಕನ ನೆನಪಿಗೆ 2016ರಲ್ಲಿ ಬಂದ ಸಾಂತ್ವನ ಹರೀಶ್ ಯೋಜನೆ ಗಾಯಾಳುವಿಗೆ ಮೊದಲ 48 ಗಂಟೆ, 25,000 ರೂಪಾಯಿವರೆಗೆ ಚಿಕಿತ್ಸೆಯ ಭರವಸೆ ಕೊಟ್ಟಿತು. ಒಳ್ಳೆಯ ಯೋಜನೆ, ಪ್ರಾಣ ಉಳಿಸುವ ಯೋಜನೆ. ಉಳಿದ ಪ್ರಾಣ ಮೂರನೇ ತಿಂಗಳು ಲೋಟ ಎಸೆಯಲು ಶುರು ಮಾಡಿದಾಗ ಯಾವ ಯೋಜನೆಯೂ ಬಾಗಿಲು ತಟ್ಟುವುದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಹೆಸರಿಸಿದೆ. ಮಿದುಳಿನ ಪೆಟ್ಟಿಗೆ ಅಲ್ಲಿ ಪ್ರತ್ಯೇಕ ಹೆಸರಿಲ್ಲ. ದೀರ್ಘಕಾಲದ ನರರೋಗದ ಕೆಳಗೋ ಮಾನಸಿಕ ಅಸ್ವಸ್ಥತೆಯ ಕೆಳಗೋ ತೂರಿಸಿ ಪ್ರಮಾಣಪತ್ರ ಗಿಟ್ಟಿಸಬೇಕು. 2022ರಲ್ಲಿ ನಿಮ್ಹಾನ್ಸ್ ಜೊತೆ ರಾಜ್ಯ ಶುರು ಮಾಡಿದ ಮಿದುಳು ಆರೋಗ್ಯ ಕಾರ್ಯಕ್ರಮ ತಲೆನೋವು, ಮೂರ್ಛೆ, ಪಾರ್ಶ್ವವಾಯು, ಮರೆವಿನ ರೋಗಗಳನ್ನು ಮುಖ್ಯ ಗುರಿ ಮಾಡಿಕೊಂಡಿತು.

ಮನೆಯವರಲ್ಲಿ ನನ್ನ ಕೇಳಿಕೆ ಸಣ್ಣದು. ಡಿಸ್ಚಾರ್ಜ್ ದಿನ ಮೂಳೆಯ ಬಗ್ಗೆ, ಹೊಲಿಗೆಯ ಬಗ್ಗೆ ಕೇಳುವ ಹಾಗೆ, ಗಮನ, ನೆನಪು, ಸಿಟ್ಟು, ವಾಸನೆ ಇವುಗಳ ಪರೀಕ್ಷೆ ಎಲ್ಲಿ, ಯಾವಾಗ ಎಂದೂ ಬರೆಸಿಕೊಳ್ಳಿ. ನೆರೆಯವರು ಅವನ ಎದುರಿಗೆ ಕೂತು ಅವನ ಸಂಗತಿಯನ್ನು ಹೆಂಡತಿಯ ಹತ್ತಿರ ವಿಚಾರಿಸುವುದನ್ನು ಬಿಡಲಿ. ವಿಚಾರಿಸುವುದಿದ್ದರೆ ಅವನನ್ನೇ ವಿಚಾರಿಸಲಿ. ಗೇಜ್ ಪಾಠ ಮಾಡುವ ಮೇಷ್ಟ್ರುಗಳು ಚಿಲಿಯ ಏಳು ವರ್ಷವನ್ನೂ ಸೇರಿಸಿ ಪಾಠ ಮಾಡಲಿ. ಸರ್ಕಾರಕ್ಕೆ ಹೇಳುವುದು ಇಷ್ಟು: ಅಪಘಾತದ ಗಾಯಾಳುಗಳ ಚಿಕಿತ್ಸೆಯ ಯೋಜನೆಗೆ ಇನ್ನೊಂದು ಸಾಲು ಸೇರಿಸಿ. ತಲೆಗೆ ಪೆಟ್ಟಾದ ಪ್ರತಿಯೊಬ್ಬರನ್ನೂ ಮೂರನೇ ತಿಂಗಳು ಮತ್ತು ಹನ್ನೆರಡನೇ ತಿಂಗಳು ಕರೆಸಿ, ಅವರ ವಾರ್ಡಿಗೆ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲೇ ನರಮನೋವಿಜ್ಞಾನಿಯೊಬ್ಬರು ಪರೀಕ್ಷಿಸುವಂತಾಗಲಿ, ಅದರ ಖರ್ಚನ್ನು ರಾಜ್ಯವೇ ಹೊರಲಿ.